ಸ್ಟಾರ್ಟರ್ ಬಿಚ್ಚಿದ ಭಾನುವಾರ

ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದ ನಂಜೇಶನಿಗೆ ಹೆಂಡತಿಯ ಪಾದಗಳಷ್ಟೇ ಕಾಣುತ್ತಿದ್ದವು. ಬಿಂದುಶ್ರೀ ಅಂಗಳ ಗುಡಿಸುತ್ತಿದ್ದಳು. ಪೊರಕೆ ಮುಂದಿನ ಚಕ್ರದ ಹತ್ತಿರಕ್ಕೆ ಬಂದು, ಅಲ್ಲಿಂದ ಹೊರಳಿ, ಕಾರನ್ನು ಸುತ್ತುಹಾಕಿಕೊಂಡು ಬೇಲಿಯ ಕಡೆಗೆ ಹೋಯಿತು. ಕಾರು ನಿಂತ ಜಾಗವೊಂದನ್ನು ಬಿಟ್ಟು ಅಂಗಳವೆಲ್ಲ ಚೊಕ್ಕಟವಾಯಿತು. ಬಿಟ್ಟ ಜಾಗದಲ್ಲಿ ಅವನು ಗೋಣಿಚೀಲ ಹಾಸಿಕೊಂಡು ಮಲಗಿದ್ದ. ಹೋದ ಭಾನುವಾರದಿಂದ ಅವಳು ಈ ಕಾರನ್ನು ಮುಟ್ಟಿಲ್ಲ, ಅದಕ್ಕೆ ಒರಗಿ ನಿಂತಿಲ್ಲ, ಅದರ ಬಾನೆಟ್ಟಿನ ಮೇಲೆ ಒಂದು ಒದ್ದೆ ಟವಲು ಸಹ ಹರವಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವಳು ನಾಲ್ಕು ಬೈದು, ತಾನೂ ನಾಲ್ಕು ಸೇರಿಸಿ, ಒಂದು ಹೊತ್ತು ಊಟ ಬಿಟ್ಟು, ಮಾರನೆಯ ದಿನ ಸಂಜೆ ಅರ್ಧ ಕೆಜಿ ಕೋಳಿ ತಂದರೆ ಮುಗಿದುಹೋಗುವ ವ್ಯವಹಾರ. ಅವಳು ಬೈಯಲಿಲ್ಲ. ಅನ್ನ ಇಕ್ಕಿದಳು, ಅಂಗನವಾಡಿಗೆ ಹೋಗಿಬಂದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಇವತ್ತು ಬೆಳಿಗ್ಗೆ ಕಾಫಿ ಲೋಟ ಮುಂದಿಡುತ್ತ, ‘ಊಟ ಆದ್ಮೇಲೆ ತಗಡೂರಿಗೆ ಓಯ್ತೀನಿ. ಅವ್ವುಂಗೆ ಕಣ್ಣಾಪ್ರೇಸನ್ ಆಗದಲ್ಲ, ನೋಡ್ಕಂಡು ಬತ್ತೀನಿ’ ಅಂದಳು. ‘ನಾನೂ ಬತ್ತೀನಿ, ಕಾರಲ್ಲೇ ಓಗಾಣ’ ಅಂದ ಇವನು. ‘ನೀವು ಕಾರಲ್ಲಿ ಬನ್ನಿ. ನಾನು ಬಸ್ಸಲ್ಲಿ ಬತ್ತೀನಿ’ ಅಂದಳು ಅವಳು, ಉಪ್ಪು ಎಷ್ಟು ಹಾಕಲಿ ಅಂತ ಕೇಳುವ ದನಿಯಲ್ಲಿ.

ಒಂದೇ ಮನೆಯಿಂದ ಹೊರಟು ಒಂದೇ ಮನೆಗೆ ಗಂಡ ಕಾರಿನಲ್ಲಿ, ಹೆಂಡತಿ ಬಸ್ಸಿನಲ್ಲಿ ಹೋಗಿ ಇಳಿದರೆ ತಗಡೂರಿನ ಆ ಬೀದಿಯಲ್ಲಿ ಯಾರಿಗೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅತ್ತೆಗೂ ತಿಳಿದುಹೋಗುತ್ತಿತ್ತು. ಅದಕ್ಕೇ ನಂಜೇಶ ಕಾಫಿ ಕುಡಿದವನೇ ಸ್ಪ್ಯಾನರ್ ಡಬ್ಬಿ ಹುಡುಕಿ ತೆಗೆದಿದ್ದ. ಊಟದ ಹೊತ್ತಿಗೆ ಸ್ಟಾರ್ಟರ್ ಸರಿಯಾಗಬೇಕು, ಕೀ ತಿರುಗಿಸಿದ ಕೂಡಲೇ ಕಾರು ಯಾರ ಕೈಯನ್ನೂ ಕೇಳದೆ ಹೊರಡಬೇಕು, ಬಿಂದುಶ್ರೀ ಮುಂದಿನ ಸೀಟಿನಲ್ಲಿ ತನ್ನ ಪಕ್ಕ ಕೂರಬೇಕು. ಈ ದಿನದಿಂದ ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಸ್ಟಾರ್ಟರ್ ಕೆಟ್ಟಿದ್ದರಿಂದ ಅವಳು ತಳ್ಳಬೇಕಾಯಿತು, ತಳ್ಳಿದ್ದರಿಂದ ಮುನಿಸು. ಸ್ಟಾರ್ಟರ್ ರಿಪೇರಿಯಾದರೆ ಮುನಿಸೂ ರಿಪೇರಿ. ಲೆಕ್ಕ ಸರಿಯಾಗಿಯೇ ಇತ್ತು. ನರಸೀಪುರದಲ್ಲಿ ಅವಳ ಅಣ್ಣ ಮದನನದೇ ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ, ಒಂದು ಗಂಟೆಯಲ್ಲಿ ಮಾಡಿಕೊಡುತ್ತಿದ್ದ. ಆದರೆ ಹೋದ ಭಾನುವಾರ ಹದಿನಾರು ಅನ್ನುವ ಊರಿನ ಬೀಗರೂಟದಲ್ಲಿ ಮದನನೂ ಇದ್ದ, ಎಲೆ ಎತ್ತಿ ಬಂದು ನೋಡುತ್ತ ನಿಂತಿದ್ದ. ಅವನ ಅಂಗಡಿಯ ಸ್ಟೂಲಿನ ಮೇಲೆ ಟೀ ಲೋಟ ಹಿಡಿದುಕೊಂಡು ಕೂರುವುದಕ್ಕಿಂತ ಕಾರಿನಡಿ ಮಲಗುವುದೇ ಮೇಲು ಅನ್ನಿಸಿತ್ತು. ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಅಟೆಂಡರಾಗಿ ಮೋಟಾರಿನ ಮಾಡೆಲ್ಲನ್ನು ವರ್ಷವರ್ಷವೂ ಒರೆಸಿಟ್ಟವನಿಗೆ ಇದೇನು ಮಹಾ.

ಮಹಾನೇ ಆಗಿತ್ತು. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದ್ದಾಗಿತ್ತು, ಸ್ಟಾರ್ಟರಿಗೆ ಬರುವ ದಪ್ಪ ವೈರನ್ನೂ ಬಿಡಿಸಿದ್ದಾಗಿತ್ತು. ಗೇರ್ ಬಾಕ್ಸಿಗೆ ಅದನ್ನು ಹಿಡಿದಿದ್ದ ಎರಡು ಬೋಲ್ಟುಗಳಲ್ಲಿ ಮೇಲಿನದು ಬಂತು, ಕೆಳಗಿನದು ಜಪ್ಪಯ್ಯ ಅನ್ನಲಿಲ್ಲ. ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ತರಚಿತು. ‘ಅಯ್ಯಪ್ಪ’ ಅಂದದ್ದು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ತಾಯಿ ಸಣ್ಣತಾಯಮ್ಮನಿಗೆ ಕೇಳಿಸಿ, ‘ಲೇ ಮಗ, ಎದೆ ಮ್ಯಾಲೆ ಕಾರು ಇಟ್ಕಂಡು ಮನಿಕಂಡಿದ್ದಿಯಲ್ಲ, ಬಿದ್ಗಿದ್ರೆ ಏನ್ಲಾ ಗತಿ?’ ಅಂದಳು. ‘ಕಲ್ಲು ಕೊಟ್ಟಿವ್ನಿ ಕಣವ್ವ.’ ‘ಕಲ್ಲು ಏನ್ ಮಾಡದು, ಜಾರ್ಕಂಡ್ರೆ? ಆ ಮದನುಂಗೆ ಒಂದ್ ಪೋನ್ ಮಾಡೋಕೆ ನಿಂಗೇನು ದೊಡ್ರೋಗ?’ ಅವನು ಬೋಲ್ಟಿಗೆ ಸೀಮೆಎಣ್ಣೆ ಬಿಟ್ಟು, ಅದು ಇಳಿಯಲಿ ಅಂತ ಕಾಯುತ್ತ, ಕಾರಿನ ಹೊಟ್ಟೆಯ ತುಕ್ಕನ್ನು ನೋಡುತ್ತ ಮಲಗಿದ. ಸುಮ್ಮನೆ ಮಲಗಿದರೆ ಹದಿನಾರು ಬರುತ್ತದೆ ಅಂತ ಗೊತ್ತಿತ್ತು. ಬಂತು. ಬಿಂದುಶ್ರೀಯ ಅಕ್ಕನ ಮನೆ ಮುಂದೆ ಶಾಮಿಯಾನ, ಮಾಂಸದ ಸಾರಿನ ವಾಸನೆ, ಉಂಡು ಎಲೆಯಡಿಕೆ ಹಾಕಿಕೊಂಡು ಕುರ್ಚಿಗಳಲ್ಲಿ ಒರಗಿದ್ದ ನೆಂಟರು. ಹೊರಡೋಣ ಅಂತ ಕೂತು ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಅಷ್ಟೆ. ಇನ್ನೊಮ್ಮೆ ಟಕ್. ಟಕ್ಕು ಟಕ್ಕಿಗೂ ಕುರ್ಚಿಗಳಲ್ಲಿದ್ದ ಒಂದೊಂದು ತಲೆ ಈ ಕಡೆಗೆ ತಿರುಗಿತು. ಆಮೇಲೆ ಗಾಜಿಳಿಸಿ, ನಗುತ್ತಿರುವವನ ಹಾಗೆ ಮುಖ ಮಾಡಿಕೊಂಡು, ‘ಒಂದ್ ಕೈ ಹಾಕ್ರಪ್ಪ’ ಅಂದ.

ಇಬ್ಬರು ಗಂಡಸರು ಎದ್ದು ಬಂದರು. ಸಾಲದು ಅಂತ ಬಿಂದುಶ್ರೀ ತಾನೇ ಇಳಿದಳು. ನೀ ಕೂತ್ಕೊ ಅಂತ ಅವನು ಹೇಳಲಿಲ್ಲ, ಹೇಳಬೇಕು ಅಂತ ಹೊಳೆಯಲೂ ಇಲ್ಲ. ಸ್ಟೇರಿಂಗಿನ ಹಿಂದೆ ಕೂತವನು ಕೂತಿರಬೇಕು, ಉಳಿದವರು ತಳ್ಳಬೇಕು, ಲೋಕವೇ ಹಾಗಿದೆ. ಹಸಿರು ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಡಿಕ್ಕಿಗೆ ಎರಡೂ ಕೈ ಕೊಟ್ಟದ್ದು ಕನ್ನಡಿಯಲ್ಲಿ ಕಂಡಿತು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಇಂಜಿನ್ನು ಕೆಮ್ಮಿ ಹೊಗೆಯುಗುಳಿ ಹತ್ತಿಕೊಂಡಿತು. ಹತ್ತಿಕೊಂಡಿತಲ್ಲ, ಅವನು ಹೊರಟ. ಹೊರಟವನು ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ಬಿಂದುಶ್ರೀ ಮೊದಲು ಕೈ ಬೀಸಿದಳು, ಆಮೇಲೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಓಡಿದಳು, ಮುಡಿದ ಮಲ್ಲಿಗೆ ಒಂದು ಕಡೆಗೆ ಜಾರಿ ಭುಜದ ಮೇಲೆ ಹೊಡೆದುಕೊಳ್ಳುತ್ತಿತ್ತು. ಹಿಂದೆ ಶಾಮಿಯಾನದಲ್ಲಿ ಯಾರೋ ಜೋರಾಗಿ ನಕ್ಕರು. ನೀರಿನ ಟ್ಯಾಂಕ್ ದಾಟಿದ ಮೇಲೆ ಅವಳು ಓಡುವುದನ್ನು ಬಿಟ್ಟಳು. ಅವನಿಗೆ ಅತಿ ಸ್ಪಷ್ಟವಾಗಿ ನೆನಪಿರುವುದು ಅದು, ಓಡಿದ್ದಲ್ಲ, ಓಡುವುದನ್ನು ಬಿಟ್ಟದ್ದು. ನೋಡಿಕೊಂಡೇ ಅವನು ಮೇನ್ ರೋಡಿನವರೆಗೂ ಹೋದ. ಅಲ್ಲಿ ಹುಣಸೆಮರದಡಿ ನಿಲ್ಲಿಸಿಕೊಂಡು ಕಾದ. ಅವಳು ಬಂದಳು, ಚಪ್ಪಲಿ ಮೆಟ್ಟಿಕೊಂಡಳು, ಒಳಗೆ ಕೂತಳು. ‘ನಿಲ್ಸಿದ್ರೆ ಆಫಾಗೋಯ್ತಿತ್ತು ಕಣೇ’ ಅಂದ. ‘ಹೂಂ’ ಅಂದಳು. ಅವಳನ್ನು ಕೂರಿಸಿಕೊಂಡು ತಮ್ಮೂರು ಸೋಸಲೆಗೆ ಬಂದ. ಮಾರನೆಯ ದಿನದಿಂದ ಬಸ್ಸು.

ಬೋಲ್ಟು ಬಂತು. ಬಂದದ್ದೇ ಸ್ಟಾರ್ಟರ್ ಅವನ ಎದೆಯ ಮೇಲೆ ಕೂತಿತು. ಒಂದು ಗಳಿಗೆ ಉಸಿರು ಸಿಕ್ಕಲಿಲ್ಲ. ಮೂರು ತಿಂಗಳ ಕೂಸಿನಷ್ಟು ತೂಕದ ಕಬ್ಬಿಣವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಕುಂಡಿಯಲ್ಲಿ ತೆವಳುತ್ತ ಹೊರಗೆ ಬಂದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬಿಂದುಶ್ರೀ ಒಳಗೆ ಹೋದಳು. ಪೆಟ್ಟಾಯ್ತಾ ಅಂತ ಕೇಳುತ್ತಾಳೇನೋ ಅಂದುಕೊಂಡಿದ್ದವನು ಅದನ್ನು ಜಗುಲಿಗೆ ಒಯ್ದು, ಹಳೇ ಪೇಪರ್ ಹಾಸಿ, ತಾಯಿಯ ಅವರೆಕಾಯಿ ಮೊರದ ಪಕ್ಕದಲ್ಲೇ ಇಟ್ಟುಕೊಂಡು ಕೂತ. ‘ಏನ್ಲಾ ಇದು, ರಾಗಿಕಲ್ಲಿನ ಮೂತಿ ಇದ್ದಂಗದೆ’ ಅಂದಳು ತಾಯಿ. ‘ಇದೇ ಸ್ಟಾರ್ಟರು. ಇದು ತಿರುಗಿದ್ರೆ ಇಂಜಿನ್ ತಿರುಗ್ತದೆ. ಇಂಜಿನ್ ಹತ್ಕಂಡ್ ಮ್ಯಾಕೆ ಇದಕ್ಕೆ ಕೆಲ್ಸ ಇಲ್ಲ.’ ‘ಅತ್ತುಸ್ಬುಟ್ಟು ತೆಪ್ಪಗಿರದಾ?’ ‘ಹೂಂ, ತೆಪ್ಪಗಿರದು.’ ಹೇಳಿದ ಮೇಲೆ ಅವನಿಗೆ ಮಾತು ಎಲ್ಲೋ ಚುಚ್ಚಿದಂತಾಯಿತು. ಇಂಜಿನ್ ಹತ್ಕಂಡ್ ಮೇಲೆ ಕೆಲಸ ಇಲ್ಲ. ಒಳಗೆ ಅವಳಿಗೆ ಕೇಳಿಸಿತೇ? ಒಗ್ಗರಣೆಯ ಸದ್ದಿತ್ತು. ಕೇಳಿಸಿರಲಿಕ್ಕಿಲ್ಲ.

ಹಿಂದಿನ ಮುಚ್ಚಳದ ಉದ್ದನೆ ಸ್ಕ್ರೂಗಳನ್ನು ಬಿಚ್ಚಿ ಮುಚ್ಚಳವನ್ನು ಎಳೆದ. ಕರಿ ಪುಡಿಯ ಜೊತೆಗೆ ಏನೋ ಬೆಳ್ಳಗಿನದು ಪೇಪರಿನ ಮೇಲೆ ಸುರಿಯಿತು. ಬೆರಳಲ್ಲಿ ತಿಕ್ಕಿ ನೋಡಿದ. ಮರಳು. ಕಾರ್ಬನ್ ಬ್ರಷ್‌ಗಳು, ಮೋಟಾರಿಗೆ ಕರೆಂಟು ದಾಟಿಸುವ ಆ ಪುಟ್ಟ ಕರಿ ತುಂಡುಗಳು, ತಮ್ಮ ಗೂಡಿನಲ್ಲೇ ಮರಳು ತುಕ್ಕು ಕಚ್ಚಿಕೊಂಡು ಕುಕ್ಕರಿಸಿದ್ದವು. ಸವೆದದ್ದಲ್ಲ, ಸಿಕ್ಕಿಕೊಂಡದ್ದು. ಸಣ್ಣತಾಯಮ್ಮ ಬಗ್ಗಿ ಒಂದು ಚಿಟಿಕೆ ತಗೊಂಡು ಅಂಗೈಯಲ್ಲಿ ಹರಡಿದಳು. ‘ಇದು ನಮ್ಮ ಒಳೆ ಮಳ್ಳಲ್ವೇನ್ಲಾ! ಆಯುಧಪೂಜೆಲಿ ಒಳೆಗೆ ಇಳಿಸಿ ತೊಳುದ್ಯಲ್ಲ, ಅವತ್ತು ನುಗ್ಗದೆ ನೋಡು’ ಅಂತ ಬೀದಿಗೆಲ್ಲ ಕೇಳುವ ಹಾಗೆ ಅಂದಳು. ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ನಂಜೇಶ ಮರಳನ್ನು ಅಂಗೈಯಲ್ಲಿ ಗೋರಿ ಪೇಪರಿನ ಅಡಿಗೆ ತಳ್ಳಿದ. ತಳ್ಳಿದ ಮೇಲೆ, ಯಾರಿಂದ ಮುಚ್ಚಿಡುತ್ತಿದ್ದೇನೆ ಅನ್ನಿಸಿ ನಾಚಿಕೆಯಾಯಿತು.

ಬಕೆಟ್ಟಲ್ಲಿ ತೊಳೀರಿ ಅಂತ ಅವತ್ತು ಅವಳು ಹೇಳಿದ್ದಳು. ಊರಿನ ಟ್ರ್ಯಾಕ್ಟರು, ಗೂಡ್ಸ್ ಆಟೋಗಳೆಲ್ಲ ಕಾವೇರಿಗೆ ಇಳಿದು ಮೀಯುತ್ತಿರುವಾಗ ತನ್ನದೊಂದು ಕಾರು ಮನೆಮುಂದೆ ಚೆಂಬಿನ ಸ್ನಾನ ಮಾಡುವುದೇ? ಬಂಪರು ಮುಳುಗುವಷ್ಟು ನೀರಿಗೆ ಇಳಿಸಿ, ಪ್ಯಾಂಟು ಮಡಚಿ, ಹುಲ್ಲಿನ ಕಂತೆಯಲ್ಲಿ ಉಜ್ಜಿ, ಫೋಟೋ ತೆಗೆಸಿಕೊಂಡು, ಹೂವು ಹಾಕಿ ಬೂದುಗುಂಬಳ ಒಡೆದಿದ್ದ. ಅದಾದ ಮೇಲೆ ಸ್ಟಾರ್ಟರು ದಿನ ಬಿಟ್ಟು ದಿನ ಮೊಂಡು ಹಿಡಿಯಲು ಶುರುವಾಯಿತು. ಆಗೆಲ್ಲ ಅವನ ಬಾಯಲ್ಲಿ ಒಂದೇ ಮಾತು: ‘ನಿಮ್ಮಣ್ಣ ಕೊಡಿಸಿದ ಗಾಡಿ.’ ಸೆಕೆಂಡ್ ಹ್ಯಾಂಡ್ ಕಾರನ್ನು ಹುಡುಕಿಕೊಟ್ಟವನು ಮದನ. ಬೆಳಿಗ್ಗೆ ಟಕ್ ಅಂದರೆ ನಿಮ್ಮಣ್ಣ, ಸಂತೆಯಲ್ಲಿ ಟಕ್ ಅಂದರೆ ನಿಮ್ಮಣ್ಣ. ಬಿಂದುಶ್ರೀ ಮೊದಮೊದಲು ಅಣ್ಣನ ಪರವಾಗಿ ಮಾತಾಡುತ್ತಿದ್ದವಳು ಆಮೇಲಾಮೇಲೆ ಸುಮ್ಮನಾಗಿದ್ದಳು, ನಿಜವಿದ್ದರೂ ಇರಬಹುದು ಅಂದುಕೊಂಡಿರಬೇಕು. ಈಗ ಹೊಳೆಮರಳು ಪೇಪರಿನಡಿ ಕರಕರ ಅನ್ನುತ್ತಿತ್ತು. ಉಪ್ಪುಕಾಗದ ಹರಿದು ಬ್ರಷ್ ತಾಗುವ ತಾಮ್ರದ ಉರುಳೆಯನ್ನು ಉಜ್ಜತೊಡಗಿದ. ಕಪ್ಪು ಹೋಗಿ ಕೆಂಪು ಕಾಣಿಸುತ್ತ ಬಂತು. ಹದಿನಾರಿನ ಆ ಬೀದಿಯಲ್ಲಿ, ಇಂಜಿನ್ನು ಹತ್ತಿಕೊಂಡ ಆ ಗಳಿಗೆಯಲ್ಲಿ, ತನಗೆ ಆಫಾಗುತ್ತದೆ ಅನ್ನುವ ಭಯವಿತ್ತೇ? ಉಜ್ಜುತ್ತಲೇ ಕೇಳಿಕೊಂಡ. ಇರಲಿಲ್ಲ. ಮೂರು ಕಾಸಿನ ಭಯವೂ ಇರಲಿಲ್ಲ. ಹತ್ತಿಕೊಂಡ ಇಂಜಿನ್ನನ್ನು ನ್ಯೂಟ್ರಲ್ಲಿಗೆ ಹಾಕಿದರೆ ನಿಂತಲ್ಲೇ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ ಅಂತ ಗೊತ್ತಿರದ ಡ್ರೈವರು ಯಾರಿದ್ದಾರೆ? ಅವನಿಗೆ ಅಲ್ಲಿದ್ದದ್ದು ಖುಷಿ. ನಿಮ್ಮಣ್ಣ ಕೊಡಿಸಿದ ಗಾಡಿ, ನಿಮ್ಮೋರ ಊರು, ನಿಮ್ಮೋರೇ ತಳ್ಳಲಿ, ನೀನೂ ಓಡು ಅನ್ನುವ ಖುಷಿ. ಎಲೆ ಮುಂದೆ ಕೂತಾಗ ಮದನನಿಗೆ ಎರಡನೇ ಸಲ ಚಾಪ್ಸ್ ಬಡಿಸಿ ತನ್ನನ್ನು ದಾಟಿ ಹೋದ ಸೌಟಿನ ಸಿಟ್ಟೂ ಅದರಲ್ಲಿತ್ತೇನೋ. ಥೂ ಅಂದುಕೊಂಡ. ಇಷ್ಟು ಸಣ್ಣದಕ್ಕೆ ಮನುಷ್ಯ ಹೆಂಡತಿಯನ್ನು ಓಡಿಸುತ್ತಾನೆಯೇ ಅಂತ ಬೇರೆ ಯಾರದೋ ವಿಷಯ ಕೇಳಿದವನ ಹಾಗೆ ಅಸಹ್ಯಪಟ್ಟ. ಆದರೂ ಅವಳಿಗಂತೂ ಇದು ಗೊತ್ತಿಲ್ಲವಲ್ಲ, ಅವಳಿಗೆ ಗೇರು ಯಾವುದು ನ್ಯೂಟ್ರಲ್ಲು ಯಾವುದು ಅಂತ ಅವನು ಯಾವತ್ತೂ ಹೇಳಿಕೊಟ್ಟಿಲ್ಲ. ಹಾಗೆಂದುಕೊಂಡ ಮೇಲೆ ಕೈ ಸ್ವಲ್ಪ ಚುರುಕಾಯಿತು.

ಬ್ರಷ್‌ಗಳ ಗೂಡನ್ನು ಪೆಟ್ರೋಲಿನಲ್ಲಿ ತೊಳೆದು, ಬೇಕಾದೀತು ಅಂತ ಹಿಂದೆಯೇ ತಂದಿಟ್ಟಿದ್ದ ಹೊಸ ಬ್ರಷ್ ಕೂರಿಸಿ, ಸ್ಪ್ರಿಂಗುಗಳನ್ನು ಒಂದೊಂದಾಗಿ ಒತ್ತಿಹಿಡಿದು ಮುಚ್ಚಳ ಹಾಕುವಷ್ಟರಲ್ಲಿ ಒಂದು ಸ್ಪ್ರಿಂಗು ಹಾರಿ ಅವರೆಕಾಳಿನ ಮೊರಕ್ಕೆ ಬಿತ್ತು. ತಾಯಿ ಮಗ ಇಬ್ಬರೂ ಕಾಳು ಕೆದಕಿದರು. ‘ಸಾರಲ್ಲಿ ಬೆಂದಿದ್ರೆ ನುಂಗ್ಕತಿದ್ದೆ ಕಣ್ಲಾ’ ಅಂತ ಅವಳು ನಕ್ಕಳು, ಅವನೂ ನಕ್ಕ. ಬ್ಯಾಟರಿಯನ್ನು ಹೊತ್ತು ತಂದು, ಸ್ಟಾರ್ಟರನ್ನು ಕಾಲಲ್ಲಿ ಒತ್ತಿಹಿಡಿದು ಎರಡು ವೈರು ಮುಟ್ಟಿಸಿದ. ಕಿಡಿ ಹಾರಿ ಅದು ಗರ್ರ್ ಅಂತ ತಿರುಗಿ, ಕಾಲಡಿಯಿಂದ ಜಿಗಿದು ಜಗುಲಿಯಿಂದ ಕೆಳಕ್ಕೇ ಹಾರುವುದರಲ್ಲಿತ್ತು. ಸಣ್ಣತಾಯಮ್ಮ ಮೊರ ಎತ್ತಿಕೊಂಡು ಹಿಂದಕ್ಕೆ ಸರಿದಳು. ‘ಬದುಕ್ತು! ಬಿಂದೂ, ಬದುಕ್ತು ಕಣೇ’ ಅಂತ ನಂಜೇಶ ಕೂಗಿದ. ಒಳಗಿನಿಂದ, ‘ಮುದ್ದೆ ಆಗದೆ, ಕೈ ತೊಳ್ಕೊಳಿ’ ಅಂತ ಬಂತು. ಮುದ್ದೆಯಾಗಲಿ, ಸಾರಾಗಲಿ, ಯಾವುದೂ ಈಗ ಬೇಡ. ಕೈಯ ಕರಿಯಲ್ಲೇ ಮತ್ತೆ ಗೋಣಿಚೀಲದ ಮೇಲೆ ತೆವಳಿಕೊಂಡು ಹೋದ. ಬಿಚ್ಚುವುದಕ್ಕಿಂತ ಕೂರಿಸುವುದು ಕಷ್ಟವಾಯಿತು. ಎದೆಯ ಮೇಲಿಟ್ಟುಕೊಂಡು, ಮೊಣಕೈಯಲ್ಲಿ ಎತ್ತಿ, ಬೋಲ್ಟಿನ ತೂತು ಕಣ್ಣಿಗೆ ಸಿಗುವ ಹೊತ್ತಿಗೆ ಕೈ ಸೋತು ಇಳಿಸಿ, ಮತ್ತೆ ಎತ್ತಿದ. ಮನೆಯೊಳಗೆ ತಾಯಿ, ಹೆಂಡತಿ ಉಣ್ಣುತ್ತಿರುವುದು ಕೇಳಿಸಿತು. ಉಂಡೆದ್ದ ಮೇಲೆ ಬಿಂದುಶ್ರೀ ಬೀರು ತೆಗೆದ ಸದ್ದು ಬಂತು. ಸೀರೆ ಉಡುತ್ತಿದ್ದಾಳೆ ಅಂತ ಅವನ ಬೆರಳುಗಳು ಅವಸರಪಟ್ಟವು.

ಬ್ಯಾಟರಿಯನ್ನೂ ಕೂರಿಸಿ ಕೀ ತಿರುಗಿಸಿದಾಗ ಟಕ್ ಅನ್ನಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಇಂಜಿನ್ನು ಹತ್ತಿಕೊಂಡಿತು. ಆಫ್ ಮಾಡಿ ಇನ್ನೊಮ್ಮೆ ಹಚ್ಚಿದ, ಹತ್ತಿತು. ಕಾರನ್ನು ಅಂಗಳದಿಂದ ಬೀದಿಗೆ ತಂದು, ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎಡಗಡೆಯ ಮುಂಬಾಗಿಲನ್ನು ಒಳಗಿನಿಂದಲೇ ಕೈ ಚಾಚಿ ತೆಗೆದಿಟ್ಟ. ಸೀಟಿನ ಮೇಲೆ ಟವಲು ಹಾಸಿದ. ಬಿಂದುಶ್ರೀ ಹೊರಗೆ ಬಂದಳು. ಬುಟ್ಟಿಯಲ್ಲಿ ತಾಯಿಗೆಂದು ಅವರೆಕಾಳು, ಬಾಳೆಹಣ್ಣು. ತೆಗೆದ ಬಾಗಿಲಿನ ಮುಂದೆ ಬಂದು ನಿಂತಳು. ಹತ್ತುತ್ತಾಳೆ ಅಂದುಕೊಂಡ. ಅವಳು ಬಾನೆಟ್ಟನ್ನು ನೋಡುತ್ತ, ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ಇಂಜಿನ್ನಿನ ಸದ್ದನ್ನು ಕೇಳುತ್ತ ನಿಂತೇ ಇದ್ದಳು.

‘ಆಫಾಗಲ್ವಾ?’ ಅಂದಳು.

‘ಇಲ್ಲ ಕಣೇ. ಈಗ ಸರಿ ಆಗದೆ.’

‘ಹದಿನಾರಲ್ಲೂ ಆಗ್ಲಿಲ್ಲ. ಉಣಸೇಮರದಡಿ ಇಂಗೇ ನಿಂತ್ಕಂಡಿತ್ತು, ಇಂಜಿನ್ ಓಡ್ತಾನೇ ಇತ್ತು. ಅದ್ರೊಳಗೆ ಕುಂತ್ಕಂಡೇ ನೀವು ನಿಲ್ಸಿದ್ರೆ ಆಫಾಗೋಯ್ತಿತ್ತು ಅಂದ್ರಿ.’

ಅವನು ಸ್ಟೇರಿಂಗ್ ಹಿಡಿದುಕೊಂಡೇ ಇದ್ದ. ಅಷ್ಟು ದಿನವೂ ಅವನಿಗೆ ಇದು ಹೊಳೆದಿರಲಿಲ್ಲ. ಸುಳ್ಳು ಹೇಳುತ್ತಿದ್ದಾಗ ಸುಳ್ಳಿನ ಸಾಕ್ಷಿ ಇಬ್ಬರ ಕಾಲಡಿಯಲ್ಲೇ ಗುರುಗುಡುತ್ತಿತ್ತು.

‘ಗೇರು ಗೊತ್ತಿಲ್ದಿದ್ರೆ ಕಿವೀನೂ ಕೇಳಲ್ವಾ ನಂಗೆ?’ ಅಂದಳು. ದನಿ ಏರಿಸಲಿಲ್ಲ. ‘ತಳ್ಳುದ್ದಕ್ಕೆ ನಂಗೇನೂ ಇಲ್ಲ. ನಮ್ ಗಾಡಿ, ನಾ ತಳ್ಳುದೆ. ಅದನ್ನ ರಿಪೇರಿ ಮಾಡಿ ಅಂತ ಯಾರ್ ಕೇಳಿದ್ರು? ಅವತ್ತು ನಿಲ್ಲಿಸ್ಬೋದಿತ್ತಾ, ಇಲ್ವಾ?’

ಹೋದ ಭಾನುವಾರದಿಂದ ಅವನು ಮನಸ್ಸಿನಲ್ಲೇ ತಯಾರು ಮಾಡಿಟ್ಟಿದ್ದ ಎಷ್ಟೋ ಉತ್ತರಗಳಿದ್ದವು. ಬ್ಯಾಟರಿ ವೀಕಾಗಿತ್ತು, ಹಿಂದೆ ಟ್ರ್ಯಾಕ್ಟರ್ ಬರುತ್ತಿತ್ತು, ನೀನು ಹತ್ತಿದೆ ಅಂದುಕೊಂಡೆ.

‘ನಿಲ್ಲಿಸ್ಬೋದಿತ್ತು’ ಅಂದ.

ಬಿಂದುಶ್ರೀ ತಲೆಯಾಡಿಸಿದಳು. ತೆಗೆದಿದ್ದ ಬಾಗಿಲನ್ನು ಮೆಲ್ಲಗೆ ಹಾಕಿ, ‘ಅತ್ತೆ, ಬತ್ತೀನಿ’ ಅಂತ ಹೇಳಿ, ಬಸ್ ಸ್ಟಾಪಿನ ಕಡೆಗೆ ನಡೆದಳು. ಅವನು ಗಾಜಿನೊಳಗಿನಿಂದ ಅವಳ ಬೆನ್ನನ್ನು ನೋಡುತ್ತ ಕೂತ. ಇಂಜಿನ್ನು ಒಂದಿಷ್ಟೂ ತಡವರಿಸದೆ ಓಡುತ್ತಿತ್ತು, ಬೆಳಿಗ್ಗೆಯಿಂದ ಪಟ್ಟ ಕಷ್ಟವೆಲ್ಲ ಸರಿಯಾಗಿ ಫಲ ಕೊಟ್ಟಿತ್ತು. ಅವಳ ಪಕ್ಕಕ್ಕೆ ಕಾರು ಒಯ್ದು ನಿಲ್ಲಿಸಿ ಹತ್ತು ಅನ್ನಬಹುದು. ಬೀದಿಯವರೆಲ್ಲ ನೋಡುತ್ತಾರೆ, ಅವಳು ಹತ್ತಲೂಬಹುದು, ಬೀದಿಯವರು ನೋಡುತ್ತಾರೆ ಅಂತ. ಹಾಗೆ ಹತ್ತಿಸಿಕೊಳ್ಳುವುದು ಬೇಡ ಅನ್ನಿಸಿತು. ನರಸೀಪುರದ ಬಸ್ಸಿನ ಹಾರನ್ನು ಕೇಳಿಸಿದ ಮೇಲೆ ಕೀ ತಿರುಗಿಸಿ ಆಫ್ ಮಾಡಿದ. ಕೀಯನ್ನು ತಾಯಿಯ ಮಡಿಲಿಗೆ ಹಾಕಿ, ‘ಅವ್ವ, ನಾನೂ ಓಯ್ತೀನಿ’ ಅಂದ. ‘ಅನ್ನ ಉಂಡಿಲ್ಲ, ಕೈ ನೋಡ್ಲಾ, ಅಂಗಿ ನೋಡ್ಲಾ’ ಅಂತ ಅವಳು ಅನ್ನುತ್ತಿದ್ದಂತೆಯೇ ಬೀದಿಗಿಳಿದ.

ಬಸ್ಸು ಯಾವತ್ತಿನ ಹಾಗೆ ಸ್ಟಾಪು ಬಿಟ್ಟು ಮುಂದಕ್ಕೆ ಹೋಗಿ ನಿಂತು, ಹೆಂಗಸರನ್ನು ಹತ್ತಿಸಿಕೊಂಡು, ಇವನು ಟೀ ಅಂಗಡಿಯ ಹತ್ತಿರವಿದ್ದಾಗಲೇ ಹೊರಟುಬಿಟ್ಟಿತು. ನಂಜೇಶ ಓಡಿದ. ಗ್ರೀಸಿನ ಅಂಗಿ, ಕರಿ ಮೆತ್ತಿದ ಮುಖ, ಹವಾಯಿ ಚಪ್ಪಲಿ ಪಟಪಟ ಅನ್ನುತ್ತಿತ್ತು; ಒಂದು ಕಿತ್ತುಕೊಂಡದ್ದಕ್ಕೆ ಎರಡನ್ನೂ ಕೈಗೆತ್ತಿಕೊಂಡ. ‘ಓಡು ನಂಜೇಸಣ್ಣ, ಓಡು! ಕಾರ್ ಏನಾಯ್ತಣ್ಣ?’ ಅಂತ ಟೀ ಅಂಗಡಿಯ ಬೆಂಚಿನಿಂದ ಯಾರೋ ಕೂಗಿದರು, ಬೆಂಚೆಲ್ಲ ನಕ್ಕಿತು. ಬಸ್ಸಿನ ಧೂಳು ಬಾಯಿಗೆ ಬಂತು. ಆಗುವುದಿಲ್ಲ ಅನ್ನಿಸಿ ಕಾಲು ನಿಧಾನವಾಗುತ್ತಿದ್ದಾಗ, ಬಸ್ಸಿನ ತಗಡನ್ನು ಯಾರೋ ಒಳಗಿನಿಂದ ಧಡಧಡ ಬಡಿಯುವುದು ಕೇಳಿಸಿತು. ಬಸ್ಸು ಎಡಕ್ಕೆ ಸರಿದು ನಿಂತಿತು.

ಏದುಸಿರು ಬಿಡುತ್ತ ಹತ್ತಿದವನನ್ನು ಕಂಡಕ್ಟರ್ ಮೇಲಿಂದ ಕೆಳಗೆ ನೋಡಿದ. ‘ಏನ್ ಸಾ, ನಿಮ್ಮನೆಯವ್ರು ನಿಲ್ಸು ನಿಲ್ಸು ಅಂತ ಬಸ್ ಮುರುದಾಕ್ಬುಡ್ತಿದ್ರಲ್ಲ!’ ಬಿಂದುಶ್ರೀ ಕಿಟಕಿಯ ಹತ್ತಿರ ಕೂತಿದ್ದಳು. ಪಕ್ಕದ ಸೀಟಿನಲ್ಲಿ ಬುಟ್ಟಿ ಇತ್ತು. ಅವಳು ಬುಟ್ಟಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು, ಅವನ ಕಡೆ ನೋಡಲಿಲ್ಲ. ಅವನು ಕೂತ. ಅವಳ ಆಧಾರ್ ಕಾರ್ಡ್ ನೋಡಿ ಹೆಂಗಸರ ಫ್ರೀ ಟಿಕೆಟ್ ಹರಿದುಕೊಟ್ಟ ಕಂಡಕ್ಟರ್, ‘ಇವ್ರುದು?’ ಅಂತ ಅವಳನ್ನೇ ಕೇಳಿದ.

‘ಅವ್ರುದು ಅವ್ರೇ ತಕ್ಕತಾರೆ’ ಅಂದಳು ಬಿಂದುಶ್ರೀ.